ವೈಮಾನಿಕನಿಗೊಂದು ಹೆಸರು ಕೊಡಿ

ಹಳೆಯದಕ್ಕೆ ಈಗ ಒಳ್ಳೆಯ ಬೆಲೆ ಬಂದಿದೆ. ಹಳೆಯ ಸಿನಿಮಾ ಪೋಸ್ಟರ್, ಹಳೆಯ ಬೆಂಕಿಪೊಟ್ಟಣದ ಚಿತ್ರ, ಅಜ್ಜನ ಕಾಲದ ಕ್ಯಾಲೆಂಡರ್ ಎಲ್ಲವೂ ಗೋಡೆಗೇರುತ್ತಿವೆ. ಈ ಸಾಲಿಗೆ ಎರಡನೇ ಮಹಾಯುದ್ಧದ ಪ್ರಚಾರ ಪೋಸ್ಟರ್‌ಗಳೂ ಸೇರಿಕೊಂಡಿವೆ. ಅದೇ ಶೈಲಿಯಲ್ಲಿ ಯುದ್ಧಕಾಲದ ವೈಮಾನಿಕನೊಬ್ಬನನ್ನು ಇಂದು ಹೊಸದಾಗಿ ಬರೆಯುವ ಕಲಾವಿದರು ಲೋಕದ ನಾನಾ ಕಡೆ ಇದ್ದಾರೆ. ತಲೆಗೆ ತೊಗಲಿನ ಟೋಪಿ, ಹಣೆಯ ಮೇಲಕ್ಕೆ ಸರಿಸಿದ ಕನ್ನಡಕ, ಎದೆಗೆ ಬಿಗಿದ ಪ್ಯಾರಾಚೂಟಿನ ಪಟ್ಟಿ, ಹಿಂದೆ ಬೋಳು ನೀಲಿ ಆಕಾಶ. ಕುಂಚದಿಂದ ಬರೆಯುವವರಿದ್ದಾರೆ, ಕಂಪ್ಯೂಟರಿಗೆ ಹೇಳಿ ಬರೆಸುವವರೂ ಇದ್ದಾರೆ. ಅಂಗಿಯ ಮೇಲೆ, ಕಾಫಿ ಬಟ್ಟಲಿನ ಮೇಲೆ, ಮೊಬೈಲಿನ ಕವಚದ ಮೇಲೆ ಆ ವೈಮಾನಿಕ ಬಂದು ಕೂತಿದ್ದಾನೆ.

ಕೇಳಿದರೆ ಸಿಗುವ ಉತ್ತರ ಒಂದೇ. ಇದು ಬರೀ ಶೈಲಿ, ಹಳೆಯ ಕಾಲದ ಸೊಗಸು, ವೀರನೊಬ್ಬನಿಗೆ ಸಲ್ಲಿಸುವ ಗೌರವ. ಇದರಲ್ಲಿ ರಾಜಕೀಯ ಹುಡುಕಬೇಡಿ!

ಕ್ಷಮಿಸಿ, ನಾವು ಹುಡುಕುತ್ತೇವೆ. ಈ ಶೈಲಿಯನ್ನು ಕಂಡುಹಿಡಿದವರು ಸೊಗಸಿಗಾಗಿ ಕಂಡುಹಿಡಿದಿರಲಿಲ್ಲ. ಸೈನ್ಯಕ್ಕೆ ಹುಡುಗರು ಬೇಕಿತ್ತು, ಖಜಾನೆಗೆ ಹಣ ಬೇಕಿತ್ತು, ಮನೆಯಲ್ಲಿದ್ದವರ ಬಾಯಿ ಮುಚ್ಚಿರಬೇಕಿತ್ತು. ಆ ಮೂರು ಕೆಲಸಗಳಿಗೆ ಹೊಂದುವಂತೆ ಗೆರೆ, ಬಣ್ಣ, ಕೋನ ಎಲ್ಲವನ್ನೂ ತೀಡಿ ತಯಾರಿಸಿದ ಉಪಕರಣವಿದು. ಉಪಕರಣವನ್ನು ಕೈಗೆತ್ತಿಕೊಂಡವರು ಅದು ಯಾವ ಕೆಲಸಕ್ಕೆ ತಯಾರಾಯಿತೆಂದು ಒಮ್ಮೆಯಾದರೂ ಕೇಳಬೇಡವೇ?

ಹೆಸರಿಲ್ಲದ ಮುಖ

ಒಂದು ನಿಜವಾದ ಪೋಸ್ಟರನ್ನೇ ತೆಗೆದುಕೊಳ್ಳೋಣ. 1943ರಲ್ಲಿ ಅಮೆರಿಕ ಸರಕಾರ ಯುದ್ಧ ಬಾಂಡ್‌ಗಳ ಮಾರಾಟಕ್ಕಾಗಿ ಹೊರತಂದ ಚಿತ್ರವದು. ಬರೆದವರು ಬೆಟ್ಸಿ ಗ್ರೇವ್ಸ್ ರೆನೋ ಎಂಬ ಕಲಾವಿದೆ. ಚಿತ್ರದಲ್ಲಿರುವವನು ಕಪ್ಪು ವರ್ಣೀಯ ಯುವ ವೈಮಾನಿಕ. ದೃಷ್ಟಿ ಮೇಲಕ್ಕೆ, ಮುಖದಲ್ಲಿ ದೃಢತೆ. 'ನಾವು ಹಾರುತ್ತಲೇ ಇರುವಂತೆ ಮಾಡಿ, ಯುದ್ಧ ಬಾಂಡ್ ಕೊಳ್ಳಿ' ಎಂಬುದು ಅದರ ಮೇಲಿನ ಕರೆ. ಇಂದು ಈ ಶೈಲಿಯಲ್ಲಿ ಬರೆಯಲು ಕೂರುವವರ ಮುಂದೆ ಮಾದರಿಯಾಗಿ ಇರುವ ಚಿತ್ರಗಳಲ್ಲಿ ಇದೂ ಒಂದು. ನಿಜಕ್ಕೂ ಸುಂದರವಾದ ಚಿತ್ರ.

ಅವನು ಯಾರು? ಪೋಸ್ಟರಿನಲ್ಲಿ ಹೆಸರಿಲ್ಲ. ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನ ಲೆಫ್ಟಿನೆಂಟ್ ರಾಬರ್ಟ್ ಡೀಝ್ ಎಂದು ನಂಬಲಾಗಿದೆ. 1944ರ ಜನವರಿಯಲ್ಲಿ ಇಟಲಿಯ ಆಂಝಿಯೋ ಮೇಲಿನ ಆಕಾಶದಲ್ಲಿ ಶತ್ರು ವಿಮಾನಗಳನ್ನು ಉರುಳಿಸಿದ ಶೂರ ಆತ. ಅಂಥವನ ಹೆಸರಿನ ಮುಂದೆ ಚರಿತ್ರೆ ಇಂದಿಗೂ 'ಬಹುಶಃ' ಎಂದು ಸೇರಿಸಿಕೊಳ್ಳಬೇಕಾಗಿದೆ. ಮುಖವನ್ನು ದೇಶದ ತುಂಬ ಅಂಟಿಸಿದವರಿಗೆ ಹೆಸರನ್ನು ಅಂಟಿಸುವ ಅಗತ್ಯ ಕಾಣಲಿಲ್ಲ. ಅವರಿಗೆ ಬೇಕಾಗಿದ್ದುದು ಮುಖ ಮಾತ್ರ.

ಆ ಕಾಲದ ಅಮೆರಿಕವನ್ನು ಸ್ವಲ್ಪ ನೆನಪಿಸಿಕೊಳ್ಳಿ. ಕಪ್ಪು ಜನರು ಯುದ್ಧದ ಹೊಣೆಗೆ ತಕ್ಕವರಲ್ಲ ಎಂದು ಅಲ್ಲಿನ ಸೇನಾ ಕಾಲೇಜಿನ ವರದಿಯೊಂದು 1925ರಲ್ಲಿ ಬರೆದಿಟ್ಟಿತ್ತು. ಅವರಿಗೆ ವಿಮಾನ ಚಾಲನೆ ಕಲಿಸಲು ಸೈನ್ಯ ಒಪ್ಪಿದ್ದು 1941ರಲ್ಲಿ, ಅದೂ ಬಹಳ ಒತ್ತಡದ ನಂತರ. ಅಲಬಾಮದ ಟಸ್ಕೀಗಿಯಲ್ಲಿ ಅವರಿಗೆಂದೇ ಬೇರೆ ಶಿಬಿರ, ಬೇರೆ ಪಡೆ. 1942ರ ಮಾರ್ಚ್‌ನಲ್ಲಿ ಮೊದಲ ತಂಡದಲ್ಲಿ ಉತ್ತೀರ್ಣರಾದವರು ಐದು ಮಂದಿ. ಒಟ್ಟು 992 ಮಂದಿ ಅಲ್ಲಿ ವಿಮಾನ ಚಾಲಕರಾದರು. ದೇಶಕ್ಕಾಗಿ ರಕ್ತ ಸುರಿಸಿ ಎಂದು ಅವರಿಗೆ ಹೇಳಲಾಯಿತು. ಆದರೆ ಅದೇ ದೇಶದ ರೆಡ್‌ಕ್ರಾಸ್ ಸಂಸ್ಥೆ ರಕ್ತದಾನದಲ್ಲಿ ಕಪ್ಪು ಜನರ ರಕ್ತವನ್ನು ಮೊದಲು ಬೇಡವೆಂದಿತು, 1942ರಲ್ಲಿ ಒಪ್ಪಿದಾಗ ಬೇರೆಯಾಗಿ ಗುರುತು ಹಾಕಿ ಇಟ್ಟಿತು. ಆ ಪದ್ಧತಿ ನಿಂತದ್ದು 1950ರಲ್ಲಿ. ರಣರಂಗದಲ್ಲಿ ಸುರಿದಾಗ ಒಂದೇ ಆಗುವ ರಕ್ತ, ಬಾಟಲಿಗೆ ಬಂದಾಗ ಬೇರೆಯಾಗುತ್ತಿತ್ತು!

ಈಗ ಮತ್ತೆ ಆ ಪೋಸ್ಟರಿನ ವಾಕ್ಯ ಓದಿ. 'ನಾವು ಹಾರುತ್ತಲೇ ಇರುವಂತೆ ಮಾಡಿ.' ಈ 'ನಾವು' ಯಾರು? ಚಿತ್ರದ ಆ ಯುವಕನಿಗೆ ತನ್ನದೇ ದೇಶದ ಎಷ್ಟೋ ಹೊಟೇಲುಗಳಲ್ಲಿ ಕೂತು ಊಟ ಮಾಡುವ ಹಕ್ಕಿರಲಿಲ್ಲ. ದಕ್ಷಿಣದ ರಾಜ್ಯಗಳಲ್ಲಿ ಅವನ ತಂದೆತಾಯಿಯ ವಯಸ್ಸಿನವರಿಗೆ ಮತ ಹಾಕುವುದೇ ದೊಡ್ಡ ಸಾಹಸವಾಗಿತ್ತು. ಅವನ ಬಾಯಿಗೆ 'ನಾವು' ಎಂಬ ಪದ ಇಟ್ಟವರು ಅವನನ್ನು 'ನಮ್ಮವನು' ಎಂದು ಒಪ್ಪಿಕೊಂಡಿರಲಿಲ್ಲ. ಯುದ್ಧದ ವರ್ಷಗಳಲ್ಲಿ 8.5 ಕೋಟಿ ಅಮೆರಿಕನ್ನರು ಬಾಂಡ್ ಕೊಂಡರು. ಒಟ್ಟು ಸಂಗ್ರಹ 18,500 ಕೋಟಿ ಡಾಲರ್. ಆ ಹಣಕ್ಕೆ ಸರಕಾರ ಬಡ್ಡಿ ಕೊಟ್ಟಿತು. ಮುಖ ಸಾಲ ಕೊಟ್ಟವನಿಗೆ ಸಿಕ್ಕ ಬಡ್ಡಿ ಎಷ್ಟು?

ಸಿಕ್ಕದ್ದನ್ನೂ ಹೇಳೋಣ. 1945ರ ಏಪ್ರಿಲ್‌ನಲ್ಲಿ ಇಂಡಿಯಾನದ ಫ್ರೀಮನ್ ಫೀಲ್ಡ್ ವಾಯುನೆಲೆಯಲ್ಲಿ ಕಪ್ಪು ಅಧಿಕಾರಿಗಳು ಬಿಳಿಯ ಅಧಿಕಾರಿಗಳ ಕ್ಲಬ್ಬಿಗೆ ಕಾಲಿಟ್ಟರು. ಅವರೂ ಅಧಿಕಾರಿಗಳೇ, ಅದೂ ಅಧಿಕಾರಿಗಳ ಕ್ಲಬ್ಬೇ. ಆದರೂ ಬಂಧನವಾಯಿತು. ಈ ಪ್ರತ್ಯೇಕತೆಯನ್ನು ಒಪ್ಪಿ ಸಹಿ ಹಾಕಿ ಎಂಬ ಆಜ್ಞೆಯನ್ನು 101 ಮಂದಿ ಧಿಕ್ಕರಿಸಿದರು, ಅವರೆಲ್ಲರನ್ನೂ ಸೆರೆಯಲ್ಲಿಟ್ಟರು. ಮೂವರು ಸೇನಾ ನ್ಯಾಯಾಲಯದ ಮುಂದೆ ನಿಂತರು. ಶಿಕ್ಷೆಗೊಳಗಾದ ರಾಜರ್ ಟೆರಿಯವರ ಮೇಲಿನ ಕಳಂಕವನ್ನು ವಾಯುಪಡೆ ಅಳಿಸಿದ್ದು 1995ರಲ್ಲಿ, ಅಂದರೆ ಐವತ್ತು ವರ್ಷಗಳ ನಂತರ. ಪೋಸ್ಟರಿನ ಮೇಲಿನ ಮುಖ ಎಲ್ಲ ಬಾಗಿಲುಗಳಿಗೂ ಅಂಟಬಹುದಿತ್ತು, ಆ ಮುಖದ ಮನುಷ್ಯ ಮಾತ್ರ ಬಾಗಿಲು ದಾಟಬಾರದಾಗಿತ್ತು.

ಬೆರಳಿನಿಂದ ಮುಚ್ಚಿ ನೋಡಿ

ಈ ಶೈಲಿಯ ವ್ಯಾಕರಣ ಬಹಳ ಸರಳ. ಕಲಾವಿದ ತನ್ನ ಕಣ್ಣನ್ನು ವೈಮಾನಿಕನ ಎದೆಗಿಂತ ಕೆಳಗೆ ಇಟ್ಟುಕೊಳ್ಳುತ್ತಾನೆ. ಆಗ ನೋಡುವವರು ತಲೆಯೆತ್ತಲೇಬೇಕಾಗುತ್ತದೆ. ವೈಮಾನಿಕ ನಮ್ಮನ್ನು ನೋಡುವುದಿಲ್ಲ, ನಮಗೆ ಕಾಣದ ಯಾವುದನ್ನೋ ದೂರದಲ್ಲಿ ನೋಡುತ್ತಾನೆ. ಬಣ್ಣಗಳು ಕೆಲವೇ, ಅಂಚುಗಳು ಖಚಿತ, ಮಾತು ನಾಲ್ಕೈದು ಪದ. ಹಿನ್ನೆಲೆಯಲ್ಲಿ ಆಕಾಶ ಮಾತ್ರ. ನೆಲ ಎಲ್ಲಿಯೂ ಇಲ್ಲ.

ಒಂದು ಪರೀಕ್ಷೆ ಮಾಡಿ ನೋಡಿ. ಬ್ರಿಟನ್, ಜರ್ಮನಿ, ರಷ್ಯ, ಅಮೆರಿಕ, ಈ ನಾಲ್ಕು ದೇಶಗಳ ಆ ಕಾಲದ ವೈಮಾನಿಕ ಪೋಸ್ಟರ್‌ಗಳನ್ನು ಪಕ್ಕಪಕ್ಕದಲ್ಲಿಟ್ಟು ಅಂಗಿಯ ಮೇಲಿನ ಲಾಂಛನವನ್ನೂ ಕೆಳಗಿನ ಅಕ್ಷರಗಳನ್ನೂ ಬೆರಳಿನಿಂದ ಮುಚ್ಚಿ. ಯಾರು ಫ್ಯಾಸಿಸ್ಟ್, ಯಾರು ಫ್ಯಾಸಿಸಂ ವಿರುದ್ಧ ಹೋರಾಡಿದವನು ಎಂದು ಗುರುತಿಸುವುದು ಸುಲಭವಲ್ಲ. ಅದೇ ಗಲ್ಲ, ಅದೇ ದೃಷ್ಟಿ, ಅದೇ ಆಕಾಶ. ನಾವು ಹಿಟ್ಲರನ ವಿರುದ್ಧದ ಯುದ್ಧವನ್ನು ಹಿಟ್ಲರನ ಯುದ್ಧಕ್ಕೆ ಸಮನೆಂದು ಹೇಳುತ್ತಿಲ್ಲ. ನಾಝಿಗಳನ್ನು ಸೋಲಿಸಲೇಬೇಕಿತ್ತು, ಸೋಲಿಸಿದವರ ಋಣ ಲೋಕದ ಮೇಲಿದೆ. ನ್ಯಾಯಕ್ಕೂ ಅನ್ಯಾಯಕ್ಕೂ ಒಂದೇ ಅಳತೆಯ ಅಂಗಿ ತೊಡಿಸುವ ಈ ಶೈಲಿಯ ಮೇಲೆ ನಮ್ಮ ಆಕ್ಷೇಪ. ಸತ್ಯವನ್ನು ಹೇಳುವುದಕ್ಕೆಂದು ಹುಟ್ಟಿದ್ದರೆ ಅದಕ್ಕೆ ಈ ವ್ಯತ್ಯಾಸವನ್ನಾದರೂ ತೋರಿಸುವ ಶಕ್ತಿ ಇರುತ್ತಿತ್ತು.

ವೈಮಾನಿಕನ ಬಗ್ಗೆಯಾದರೂ ಅದು ಸತ್ಯ ಹೇಳುತ್ತದೆಯೇ? ಬ್ರಿಟಿಷ್ ವಾಯುಪಡೆಯ ಬಾಂಬರ್ ಕಮಾಂಡ್‌ನಲ್ಲಿ ಹಾರಿದವರು ಸುಮಾರು 1,25,000 ಮಂದಿ. ಸತ್ತವರು 55,573. ಹತ್ತು ಹುಡುಗರು ಹೋದರೆ ನಾಲ್ವರು ಶವವಾಗುವ ಲೆಕ್ಕ. ಸರದಿಯ 30 ದಾಳಿಗಳನ್ನು ಮುಗಿಸಿ ಬದುಕಿ ಬರುವುದು ಅದೃಷ್ಟದ ಮಾತಾಗಿತ್ತು. ಕಣ್ಣೆದುರೇ ಗೆಳೆಯರು ಉರಿದುಹೋಗುವುದನ್ನು ಕಂಡು ಇನ್ನು ನನ್ನಿಂದಾಗದು ಎಂದವನ ಕಡತದಲ್ಲಿ 'ನೈತಿಕ ಸ್ಥೈರ್ಯದ ಕೊರತೆ' ಎಂಬ ಮುದ್ರೆ ಬೀಳುತ್ತಿತ್ತು. ಅವನ ರೆಕ್ಕೆಯ ಲಾಂಛನವನ್ನು ಕಿತ್ತುಕೊಳ್ಳಲಾಗುತ್ತಿತ್ತು. ಇಪ್ಪತ್ತರ ಹುಡುಗನ ಕೈ ನಡುಗುವುದು ಪೋಸ್ಟರಿನಲ್ಲಿ ಕಾಣುವುದಿಲ್ಲ. ಅದು ಕಾಣಬಾರದೆಂದೇ ಪೋಸ್ಟರ್ ಹುಟ್ಟಿದ್ದು. ಯುದ್ಧ ಮುಗಿದ ಮೇಲೆ ಸುಟ್ಟ ನಗರಗಳ ಲೆಕ್ಕ ಮುಜುಗರ ತಂದಾಗ ಪೋಸ್ಟರ್ ಅಂಟಿಸಿದವರೇ ಅವರಿಂದ ದೂರ ಸರಿದರು. ಬಾಂಬರ್ ಕಮಾಂಡ್‌ನವರಿಗೆ ಪ್ರತ್ಯೇಕ ಪದಕ ಸಿಗಲಿಲ್ಲ. ಲಂಡನ್ನಿನ ಗ್ರೀನ್ ಪಾರ್ಕಿನಲ್ಲಿ ಅವರ ಸ್ಮಾರಕ ಎದ್ದದ್ದು 2012ರಲ್ಲಿ. ಅಷ್ಟರಲ್ಲಿ ಅವರಲ್ಲಿ ಹೆಚ್ಚಿನವರು ಮಣ್ಣು ಸೇರಿದ್ದರು.

ಚಿತ್ರದಲ್ಲಿಲ್ಲದ ನೆಲ

ಇನ್ನು ನೆಲದ ಮಾತಿಗೆ ಬರೋಣ. ವಿಮಾನದಿಂದ ಮೊದಲ ಬಾಂಬು ಬಿದ್ದದ್ದು 1911ರ ನವೆಂಬರ್ 1ರಂದು, ಲಿಬಿಯಾದಲ್ಲಿ. ಜೂಲಿಯೋ ಗವೋತ್ತಿ ಎಂಬ ಇಟಲಿಯ ವೈಮಾನಿಕ ನಾಲ್ಕು ಚಿಕ್ಕ ಬಾಂಬುಗಳನ್ನು ಕೈಯಿಂದಲೇ ಎಸೆದ. ಅಲ್ಲಿಂದ ಮುಂದೆ ವಸಾಹತುಗಳ ಬಡವರ ಹಳ್ಳಿಗಳು ಈ ಹೊಸ ವಿದ್ಯೆಯ ಪಾಠಶಾಲೆಗಳಾದವು. 1920ರ ದಶಕದಲ್ಲಿ ಇರಾಕಿನ ಬಂಡಾಯದ ಹಳ್ಳಿಗಳ ಮೇಲೆ, 1925ರಲ್ಲಿ ವಜೀರಿಸ್ತಾನದ ಮಹ್ಸೂದ್ ಬುಡಕಟ್ಟಿನ ಮೇಲೆ ಬ್ರಿಟಿಷ್ ವಿಮಾನಗಳು ಬಾಂಬು ಸುರಿದವು. ಇರಾಕಿನಲ್ಲಿ ಆಗ ವಿಮಾನದಳವೊಂದನ್ನು ನಡೆಸುತ್ತಿದ್ದ ಆರ್ಥರ್ ಹ್ಯಾರಿಸ್ ಎಂಬ ಅಧಿಕಾರಿಯೇ 1942ರಲ್ಲಿ ಬಾಂಬರ್ ಕಮಾಂಡ್‌ನ ಮುಖ್ಯಸ್ಥನಾದ. ಬಾಗ್ದಾದಿನ ಸುತ್ತ ಕಲಿತದ್ದು ಹ್ಯಾಂಬರ್ಗಿನಲ್ಲಿ ಉಪಯೋಗಕ್ಕೆ ಬಂತು. 1943ರ ಜುಲೈಯಲ್ಲಿ ಆ ಒಂದು ನಗರದಲ್ಲಿ ಮೂವತ್ತು ಸಾವಿರಕ್ಕೂ ಮಿಕ್ಕಿ ಜನ ಬೆಂಕಿಗೆ ಬಲಿಯಾದರು. 1945ರ ಮಾರ್ಚ್ 9ರ ರಾತ್ರಿ ಅಮೆರಿಕದ ವಿಮಾನಗಳು ಟೋಕಿಯೋದಲ್ಲಿ ಒಂದೇ ರಾತ್ರಿಗೆ ಸುಮಾರು ಒಂದು ಲಕ್ಷ ಜನರನ್ನು ಕೊಂದವು. ಸತ್ತವರಲ್ಲಿ ತೊಟ್ಟಿಲಿನ ಮಕ್ಕಳಿದ್ದರು, ಓಡಲಾಗದ ಮುದುಕರಿದ್ದರು.

ಈ ನೆಲವನ್ನು ಒಬ್ಬ ಕಲಾವಿದ ಬರೆದ. 1937ರ ಏಪ್ರಿಲ್ 26ರಂದು ಸ್ಪೇನಿನ ಗೆರ್ನಿಕಾ ಎಂಬ ಪಟ್ಟಣದ ಮೇಲೆ ಜರ್ಮನಿ ಮತ್ತು ಇಟಲಿಯ ವಿಮಾನಗಳು ಬಾಂಬು ಸುರಿದಾಗ ಪಿಕಾಸೊ ಬರೆದ ಚಿತ್ರ ಲೋಕಪ್ರಸಿದ್ಧ. ವಿಮಾನ ದಾಳಿಯ ಕುರಿತಾದ ಆ ಬೃಹತ್ ಚಿತ್ರದಲ್ಲಿ ಒಂದೇ ಒಂದು ವಿಮಾನವಿಲ್ಲ, ಒಬ್ಬ ವೈಮಾನಿಕನೂ ಇಲ್ಲ. ಸತ್ತ ಮಗುವನ್ನು ಹಿಡಿದ ತಾಯಿ ಇದ್ದಾಳೆ, ನರಳುವ ಕುದುರೆ ಇದೆ, ಉರಿಯುವ ಮನೆ ಇದೆ. ಪೋಸ್ಟರಿನವರು ಬಿಟ್ಟದ್ದನ್ನೆಲ್ಲ ಅವನು ಬರೆದ, ಅವರು ಬರೆದದ್ದನ್ನು ಅವನು ಬಿಟ್ಟ.

ಅಧಿಕಾರದಲ್ಲಿರುವವರಿಗೆ ಯಾವ ಚಿತ್ರ ಹಿತ, ಯಾವುದು ಅಹಿತ ಎಂಬುದಕ್ಕೆ ಇನ್ನೊಂದು ಸಾಕ್ಷ್ಯ ಬೇಕೆ? ಆ ಚಿತ್ರದ ನೇಯ್ಗೆಯ ಪ್ರತಿಯೊಂದು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ, ಭದ್ರತಾ ಮಂಡಳಿಯ ಸಭಾಂಗಣದ ಹೊರಗೆ ತೂಗುತ್ತಿತ್ತು. 2003ರ ಫೆಬ್ರವರಿ 5ರಂದು ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಕಾಲಿನ್ ಪೊವೆಲ್ ಇರಾಕ್ ಮೇಲಿನ ಯುದ್ಧಕ್ಕೆ ವಾದ ಮಂಡಿಸಲು ಬಂದಾಗ ಅದರ ಮೇಲೆ ನೀಲಿ ಪರದೆ ಎಳೆಯಲಾಗಿತ್ತು. ಟಿವಿ ಕ್ಯಾಮರಾಗಳಿಗೆ ಸರಿಯಾದ ಹಿನ್ನೆಲೆ ಬೇಕಿತ್ತಂತೆ! ಮುಂದಿನ ತಿಂಗಳು ಬಾಗ್ದಾದಿನ ಮೇಲೆ ಬಾಂಬು ಬಿತ್ತು. ವೀರ ವೈಮಾನಿಕನ ಪೋಸ್ಟರಿಗೆ ಯಾರಾದರೂ ಪರದೆ ಎಳೆದದ್ದನ್ನು ಕೇಳಿದ್ದೀರಾ?

ನಮ್ಮ ಕಡೆಯ ಆಕಾಶ

ಇದೆಲ್ಲ ಪರದೇಶದ ಮಾತು ಎನ್ನುವವರಿಗೆ ನಮ್ಮದೇ ಚರಿತ್ರೆಯ ಒಂದು ಪುಟ. ಭಾರತೀಯ ವಾಯುಪಡೆ ಹುಟ್ಟಿದ್ದು 1932ರ ಅಕ್ಟೋಬರ್ 8ರಂದು, ಬ್ರಿಟಿಷರ ಆಳ್ವಿಕೆಯಲ್ಲಿ. ಮೊದಲ ದಳ ಸಿದ್ಧವಾದದ್ದು 1933ರಲ್ಲಿ ಕರಾಚಿಯಲ್ಲಿ, ನಾಲ್ಕು ವಾಪಿಟಿ ವಿಮಾನಗಳೊಂದಿಗೆ. ವಿಮಾನದ ಕೆಲಸಕ್ಕೆ ಸೇರಿದ ಕೆಳದರ್ಜೆಯವರನ್ನು 'ಹವಾಯಿ ಸಿಪಾಯಿ' ಎನ್ನುತ್ತಿದ್ದರು. ಆ ದಳಕ್ಕೆ ಸಿಕ್ಕ ಮೊದಲ ಯುದ್ಧಾನುಭವ ಅದೇ ವಜೀರಿಸ್ತಾನದ್ದು. ಮುಂದೆ ಮಹಾಯುದ್ಧ ಬಂದಾಗ ಈ ಹುಡುಗರು ಬರ್ಮಾದಲ್ಲಿ ಜಪಾನೀಯರ ವಿರುದ್ಧ ನಿಜವಾದ ಶೌರ್ಯ ತೋರಿಸಿದರು. ಪ್ರಾಣ ಕೊಟ್ಟ ಅವರು ಗುಲಾಮ ದೇಶದ ಪ್ರಜೆಗಳು.

ಅದೇ ಹೊತ್ತಿನಲ್ಲಿ ಬಂಗಾಳದಲ್ಲಿ ಏನಾಗುತ್ತಿತ್ತು? ವಾಯುನೆಲೆಗಳಿಗೂ ಸೈನ್ಯದ ಶಿಬಿರಗಳಿಗೂ ಜಾಗ ಬೇಕೆಂದು ಸಾವಿರಾರು ರೈತ ಕುಟುಂಬಗಳನ್ನು ಎಬ್ಬಿಸಲಾಯಿತು. ಜಪಾನೀಯರ ಕೈಗೆ ಸಿಗಬಾರದೆಂದು 1942ರಲ್ಲಿ ಕರಾವಳಿಯ ದೋಣಿಗಳನ್ನು ಕಸಿದುಕೊಳ್ಳಲಾಯಿತು. ಅಕ್ಕಿಯ ಬೆಲೆ ಆಕಾಶಕ್ಕೇರಿತು. 1943ರ ಕ್ಷಾಮದಲ್ಲಿ ಸತ್ತವರು ಸುಮಾರು 30 ಲಕ್ಷ. ಮೈಮನ್‌ಸಿಂಗ್ ಕಡೆಯಿಂದ ಬಂದ ಜೈನುಲ್ ಅಬೆದಿನ್ ಎಂಬ ತರುಣ ಕಲಾವಿದ ಕಲ್ಕತ್ತೆಯ ಬೀದಿಗಳಲ್ಲಿ ಅಲೆದು, ಸಾಮಾನು ಕಟ್ಟುವ ಅಗ್ಗದ ಕಾಗದದ ಮೇಲೆ ಕಪ್ಪು ಮಸಿಯಿಂದ ಅವರನ್ನು ಬರೆದರು. ಎಲುಬಿನ ಗೂಡಾದ ತಾಯಿ, ಪಕ್ಕದಲ್ಲಿ ಮಗು, ಹತ್ತಿರದಲ್ಲಿ ಕಾಗೆ. ಚಿತ್ತಪ್ರಸಾದ್ ಎಂಬ ಇನ್ನೊಬ್ಬ ಕಲಾವಿದರು ಜಪಾನೀ ಫ್ಯಾಸಿಸಂ ವಿರುದ್ಧ ಪೋಸ್ಟರ್ ಬರೆದವರು. ಅವರೇ ಮೇದಿನಿಪುರದ ಹಳ್ಳಿಗಳಲ್ಲಿ ಕಾಲ್ನಡಿಗೆಯಲ್ಲಿ ತಿರುಗಿ ಹಸಿದವರ ಚಿತ್ರ ಬರೆದರು, ಅನೇಕ ಚಿತ್ರಗಳ ಜೊತೆ ಆ ಮನುಷ್ಯರ ಹೆಸರನ್ನೂ ಕಥೆಯನ್ನೂ ಬರೆದಿಟ್ಟರು. ಅವರ 'ಹಂಗ್ರಿ ಬೆಂಗಾಲ್' ಪುಸ್ತಿಕೆಯ 5,000 ಪ್ರತಿಗಳನ್ನು ಸರಕಾರ ವಶಪಡಿಸಿಕೊಂಡು ನಾಶಮಾಡಿತು. ವೈಮಾನಿಕನ ಪೋಸ್ಟರಿಗೆ ಸರಕಾರವೇ ಕಾಗದ ಕೊಡುತ್ತದೆ, ಹಸಿದವನ ಚಿತ್ರಕ್ಕೆ ಬೆಂಕಿ ಕೊಡುತ್ತದೆ.

ಬೆಂಗಳೂರಿಗೂ ಈ ಕಥೆಯಲ್ಲಿ ಪಾಲಿದೆ. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ಕಟ್ಟಿದ ವಿಮಾನ ಕಾರ್ಖಾನೆ 1943ರಿಂದ ಅಮೆರಿಕದ ವಾಯುಸೇನೆಯ ದುರಸ್ತಿ ಕೇಂದ್ರವಾಯಿತು. ಕ್ಯಾಟಲೀನಾ ಜಲವಿಮಾನಗಳು ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು. ಸುತ್ತಿಗೆ, ರಿವೆಟ್ ಹಿಡಿದು ಅವುಗಳನ್ನು ಮತ್ತೆ ಹಾರುವಂತೆ ಮಾಡಿದವರು ಇಲ್ಲಿನ ಕಾರ್ಮಿಕರು. 'ನಾವು ಹಾರುತ್ತಲೇ ಇರುವಂತೆ ಮಾಡಿ' ಎಂಬ ಮಾತನ್ನು ಅಕ್ಷರಶಃ ನಡೆಸಿಕೊಟ್ಟವರು. ಅವರನ್ನು ಯಾವ ಪೋಸ್ಟರ್ ನೆನೆಯಿತು?

ಗೌರವದ ಮಾತು

ಇಷ್ಟು ಹೇಳಿದ ಮೇಲೆ ಒಂದು ಆಕ್ಷೇಪಕ್ಕೆ ಉತ್ತರಿಸಲೇಬೇಕು. ಆ ಪೋಸ್ಟರ್ ಕಪ್ಪು ಜನರಿಗೆ ಹೆಮ್ಮೆ ತಂದಿತಲ್ಲವೇ? ತಂದಿತು. ತಮ್ಮವನೊಬ್ಬನನ್ನು ಅಡುಗೆಯವನಾಗಿಯೋ ಹಾಸ್ಯಗಾರನಾಗಿಯೋ ಮಾತ್ರ ನೋಡಿದ್ದ ಗೋಡೆಗಳ ಮೇಲೆ ವೈಮಾನಿಕನನ್ನು ಕಂಡಾಗ ಆ ಸಮುದಾಯದ ಎದೆ ಉಬ್ಬಿದ್ದು ಸಹಜ. ಆ ಹೆಮ್ಮೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಆ ಸಮುದಾಯವೇ ಪೋಸ್ಟರಿಗೆ ತೃಪ್ತಿಪಟ್ಟು ಸುಮ್ಮನಾಗಲಿಲ್ಲ ಎಂಬುದನ್ನು ನೆನಪಿಡಬೇಕು. 'ಪಿಟ್ಸ್‌ಬರ್ಗ್ ಕೊರಿಯರ್' ಎಂಬ ಕಪ್ಪು ಜನರ ಪತ್ರಿಕೆ 1942ರಲ್ಲೇ 'ಎರಡು ವಿಜಯ'ಗಳ ಚಳವಳಿ ಆರಂಭಿಸಿತ್ತು. ಹೊರಗಿನ ಫ್ಯಾಸಿಸಂ ಮೇಲೊಂದು ವಿಜಯ, ಒಳಗಿನ ವರ್ಣಭೇದದ ಮೇಲೊಂದು ವಿಜಯ. ಸರಕಾರದ ಪೋಸ್ಟರ್ ಮೊದಲನೆಯದನ್ನು ಮಾತ್ರ ಬರೆಯಿತು. ಸೈನ್ಯದಲ್ಲಿ ವರ್ಣಭೇದ ಕೊನೆಗೊಳಿಸುವ ಆದೇಶಕ್ಕೆ ಅಧ್ಯಕ್ಷ ಟ್ರೂಮನ್ ಸಹಿ ಹಾಕಿದ್ದು 1948ರ ಜುಲೈ 26ರಂದು. ಅದನ್ನು ತಂದದ್ದರಲ್ಲಿ ಫ್ರೀಮನ್ ಫೀಲ್ಡಿನ 101 ಮಂದಿಯ ಪಾಲು ಆ ಪೋಸ್ಟರಿನ ಪಾಲಿಗಿಂತ ದೊಡ್ಡದೆಂದು ನಾವು ತಿಳಿಯುತ್ತೇವೆ.

ಕಲಾವಿದೆ ರೆನೋ ಅವರ ಕಥೆಯನ್ನೂ ಪೂರ್ತಿ ಹೇಳಬೇಕು. ಸ್ತ್ರೀಯರಿಗೆ ಮತದ ಹಕ್ಕು ಕೇಳಿ 1917ರಲ್ಲಿ ಶ್ವೇತಭವನದ ಮುಂದೆ ನಿಂತು ಬಂಧನಕ್ಕೊಳಗಾದ ಹೆಣ್ಣುಮಗಳು ಆಕೆ. ಪೋಸ್ಟರ್ ಬರೆದ ಮರುವರ್ಷವೇ, 1944ರಲ್ಲಿ, ಲಾರಾ ವೀಲರ್ ವೇರಿಂಗ್ ಎಂಬ ಕಪ್ಪು ಕಲಾವಿದೆಯೊಂದಿಗೆ ಸೇರಿ ಕಪ್ಪು ಸಮುದಾಯದ ಸಾಧಕರ ಭಾವಚಿತ್ರಗಳ ಪ್ರದರ್ಶನವೊಂದನ್ನು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯಲ್ಲಿ ಏರ್ಪಡಿಸಿದರು. ಆ ಚಿತ್ರಗಳು ಸುಮಾರು ಹತ್ತು ವರ್ಷ ಊರೂರು ತಿರುಗಿದವು. ಪ್ರತಿಯೊಂದು ಚಿತ್ರಕ್ಕೂ ಹೆಸರಿತ್ತು. ವಿಜ್ಞಾನಿ, ಗಾಯಕಿ, ಶಿಕ್ಷಕಿ ಎಂದು ಅವರವರ ಕೆಲಸದ ಪರಿಚಯವಿತ್ತು. ಏನನ್ನೂ ಕೊಳ್ಳಿ ಎಂದು ಆ ಚಿತ್ರಗಳು ಹೇಳುತ್ತಿರಲಿಲ್ಲ. ಒಂದೇ ಕೈ ಬರೆದ ಎರಡು ಬಗೆಯ ಚಿತ್ರಗಳಿವು. ಇಂದಿನ ಕಲಾವಿದರು ಆಕೆಯಿಂದ ಸಾಲ ತರಬೇಕೆಂದಿದ್ದರೆ ಈ ಎರಡನೆಯ ಬಗೆಯನ್ನು ಏಕೆ ತರಬಾರದು?

ಏಕೆ ಈ ಮಾತು ಈಗ ಎಂದು ಕೇಳಬಹುದು. ಪೋಸ್ಟರಿನ ಕಾಲ ಮುಗಿದಿಲ್ಲ, ಅದಕ್ಕಾಗಿ. 2019ರ ಫೆಬ್ರವರಿ 27ರಂದು ವಿಂಗ್ ಕಮಾಂಡರ್ ಅಭಿನಂದನ್ ವರ್ಧಮಾನ್ ಪಾಕಿಸ್ತಾನದಲ್ಲಿ ಸೆರೆಯಾಗಿ ಮಾರ್ಚ್ 1ರಂದು ಮರಳಿದರು. ಅವರ ಧೈರ್ಯದ ಬಗ್ಗೆ ಯಾರಿಗೂ ತಕರಾರಿಲ್ಲ. ಆದರೆ ಲೋಕಸಭಾ ಚುನಾವಣೆ ಎದುರಿಗಿತ್ತು. ಮೀಸೆಯ ಆ ಮುಖ ರಾಜಕೀಯ ಫಲಕಗಳಿಗೆ ಏರಿತು. ಸೈನಿಕರ ಚಿತ್ರಗಳನ್ನು ಪ್ರಚಾರಕ್ಕೆ ಬಳಸಬೇಡಿ ಎಂದು ಚುನಾವಣಾ ಆಯೋಗ ಮಾರ್ಚ್ 9ರಂದು ಪಕ್ಷಗಳಿಗೆ ಹೇಳಬೇಕಾಯಿತು. ಅದೇ ಫೆಬ್ರವರಿ 27ರ ಬೆಳಿಗ್ಗೆ ಕಾಶ್ಮೀರದ ಬಡ್ಗಾಮಿನಲ್ಲಿ ನಮ್ಮದೇ ಕ್ಷಿಪಣಿ ತಗಲಿ ವಾಯುಪಡೆಯ ಹೆಲಿಕಾಪ್ಟರ್ ಉರುಳಿತು. ಅದರಲ್ಲಿದ್ದ ಆರು ಮಂದಿಯೂ ನೆಲದ ಮೇಲಿದ್ದ ಒಬ್ಬ ನಾಗರಿಕನೂ ಸತ್ತರು. ಅದು ತಮ್ಮ ದೊಡ್ಡ ತಪ್ಪೆಂದು ವಾಯುಪಡೆಯ ಮುಖ್ಯಸ್ಥರು ಒಪ್ಪಿಕೊಂಡದ್ದು ಅಕ್ಟೋಬರ್‌ನಲ್ಲಿ, ಚುನಾವಣೆ ಮುಗಿದು ತಿಂಗಳುಗಳಾದ ಮೇಲೆ. ಆ ಆರು ವೈಮಾನಿಕರ ಮುಖಗಳನ್ನು ನಾವು ಯಾವ ಫಲಕದ ಮೇಲೂ ಕಾಣಲಿಲ್ಲ. ಅವರು ದೇಶಕ್ಕಾಗಿ ಹಾರಿದವರಲ್ಲವೇ? ಪೋಸ್ಟರಿಗೆ ವೈಮಾನಿಕ ಬೇಕಿಲ್ಲ, ಅನುಕೂಲವಾದ ವೈಮಾನಿಕ ಬೇಕು.

ಈ ದೋಷದಲ್ಲಿ ನಾವೂ ಪಾಲುದಾರರು ಎಂದು ಒಪ್ಪಿಕೊಳ್ಳದಿದ್ದರೆ ಈ ಬರಹ ಪ್ರಾಮಾಣಿಕವಾಗುವುದಿಲ್ಲ. ನಿಷ್ಠೆಯನ್ನು ಯಾರಾದರೂ ಪ್ರಶ್ನಿಸಿದ ಕೂಡಲೇ ನಾವು ಮುಸ್ಲಿಮರೂ ಪೋಸ್ಟರಿನತ್ತ ಓಡುತ್ತೇವೆ. ಹೈದರಾಬಾದಿನ ಇದ್ರೀಸ್ ಹಸನ್ ಲತೀಫ್ ಬರ್ಮಾ ಯುದ್ಧದಲ್ಲಿ ಹಾರಿದವರು. 1947ರಲ್ಲಿ ಪಾಕಿಸ್ತಾನದ ಕರೆಯನ್ನು ಒಪ್ಪದೆ ಇಲ್ಲಿಯೇ ಉಳಿದು 1978ರಿಂದ 1981ರವರೆಗೆ ವಾಯುಪಡೆಯ ಮುಖ್ಯಸ್ಥರಾಗಿದ್ದರು. ಸಮವಸ್ತ್ರದ ಅವರ ಚಿತ್ರವನ್ನು ಸಭೆಗಳಲ್ಲಿ ಪ್ರಮಾಣಪತ್ರದಂತೆ ಎತ್ತಿ ಹಿಡಿಯುತ್ತೇವೆ. ಅವರೇನು ನಮ್ಮ ಪರವಾಗಿ ಜಾಮೀನು ಕೊಡಲು ಹಾರಿದರೇ? ತಮ್ಮ ದೇಶವನ್ನು ತಮ್ಮದೆಂದು ತಿಳಿದು ತಮ್ಮ ಕೆಲಸ ಮಾಡಿದರು. ಪೌರತ್ವಕ್ಕೆ ಮುಖದ ರೂಪದಲ್ಲಿ ಕಂತು ಕಟ್ಟಬೇಕು ಎಂಬ ಮಾತನ್ನು ಒಮ್ಮೆ ಒಪ್ಪಿದರೆ ಆ ಕಂತು ಎಂದೂ ತೀರುವುದಿಲ್ಲ. ಟಸ್ಕೀಗಿಯ ಅನುಭವ ಅದನ್ನೇ ಹೇಳುತ್ತದೆ. 2007ರಲ್ಲಿ ಅಮೆರಿಕದ ಸಂಸತ್ತು ಅವರಿಗೆ ಚಿನ್ನದ ಪದಕ ಕೊಟ್ಟಿತು. 2025ರ ಜನವರಿಯಲ್ಲಿ ಸರಕಾರ ಬದಲಾಗಿ ಹೊಸ ಆದೇಶ ಬಂದಾಗ ಅವರ ಕುರಿತ ವಿಡಿಯೋವನ್ನು ವಾಯುಪಡೆಯ ತರಬೇತಿ ಪಾಠದಿಂದ ತೆಗೆದುಹಾಕಲಾಯಿತು. ಜನ ಗದ್ದಲ ಮಾಡಿದ ಮೇಲೆ ಕೆಲವೇ ದಿನಗಳಲ್ಲಿ ಮರಳಿ ಸೇರಿತು. ಒಬ್ಬರ ಆದೇಶದಿಂದ ಗೋಡೆಗೇರಿದ ಚಿತ್ರವನ್ನು ಇನ್ನೊಬ್ಬರ ಆದೇಶ ಇಳಿಸಬಲ್ಲದು.

ಆದ್ದರಿಂದ ಕಲಾವಿದ ಮಿತ್ರರಲ್ಲಿ ನಮ್ಮದೊಂದು ಕೋರಿಕೆ. ವೈಮಾನಿಕನನ್ನು ಬರೆಯಬೇಡಿ ಎಂದು ನಾವು ಹೇಳುವುದಿಲ್ಲ. ಬರೆಯಿರಿ. ಆದರೆ ನಿಮ್ಮ ಕಣ್ಣನ್ನು ಅವನ ಕಣ್ಣಿನ ಮಟ್ಟಕ್ಕೆ ತನ್ನಿ. ಅವನು ನಮ್ಮನ್ನು ನೋಡಲಿ. ಅವನ ವಯಸ್ಸು ಕಾಣಲಿ, ನಿದ್ದೆಯಿಲ್ಲದ ಕಣ್ಣು ಕಾಣಲಿ. ಅವನ ಹಿಂದೆ ಆಕಾಶದ ಜೊತೆಗೆ ಒಂದಿಷ್ಟು ನೆಲವೂ ಇರಲಿ, ಅಲ್ಲಿ ಒಂದು ಊರಿರಲಿ. ಚಿತ್ರದ ಕೆಳಗೆ ಏನನ್ನೂ ಕೊಳ್ಳಿ, ಯಾರಿಗಾದರೂ ಮತ ಕೊಡಿ, ಯಾರನ್ನಾದರೂ ದ್ವೇಷಿಸಿ ಎಂಬ ಮಾತು ಬೇಡ. ಅಲ್ಲಿ ಅವನ ಹೆಸರು ಬರೆಯಿರಿ. ಹೆಸರು ಗೊತ್ತಿಲ್ಲವೆಂದರೆ ಹುಡುಕಿ, ಸಿಗುವವರೆಗೆ ಕುಂಚ ಕೆಳಗಿಡಿ.